ದೋಣಿಗಾಡಿಯನ್ನು ಹಿಂದಕ್ಕೆ ಬಿಡುವ ಬಗೆ

ನಾನು ಗಂಭೀರವಾಗಿ ಒಂದು ಕೆಲಸಕ್ಕೆ ಕೈ ಹಾಕಿದೆನೆಂದರೆ ಸಾಕು, ಸುತ್ತಲಿನವರು ನಗುವಂಥದ್ದು ಏನಾದರೂ ನಡೆದೇ ತೀರುತ್ತದೆ. ರಂಗೂನಿನಲ್ಲಿ ನಡೆದಿದೆ, ಕೊಲಂಬೋದಲ್ಲಿ ನಡೆದಿದೆ, ಮೊಂಬಾಸಾದಲ್ಲಂತೂ ಜನ ಅದಕ್ಕಾಗಿಯೇ ಕಾಯುತ್ತಿದ್ದರು. ನನ್ನ ಯಜಮಾನರು ಹಡಗಿನ ಎಂಜಿನಿಯರ್. ಅವರ ಹಿಂದೆ ಬಂದರಿನಿಂದ ಬಂದರಿಗೆ ಟ್ರಂಕು ಕಟ್ಟಿಕೊಂಡು ತಿರುಗಿದವಳು ನಾನು. ಕೊನೆಗೆ ಸಮುದ್ರ ಅವರನ್ನು ಇಟ್ಟುಕೊಂಡು ನನ್ನನ್ನು ವಾಪಸು ಕಳಿಸಿತು. ಹಾಗೆ, ಸ್ವಾತಂತ್ರ್ಯ ಬಂದ ಕೆಲವು ವರ್ಷಕ್ಕೆ, ನಾನು ಮುಂಬಯಿಗೆ ಬಂದು ಇಳಿದೆ.

ಶಿವಡಿಯ ದಕ್ಕೆಯ ಬಳಿ ಮರದ ದೋಣಿ ಕಟ್ಟುವ ಒಂದು ಕಾರ್ಖಾನೆ ಇತ್ತು. ಮಾಲೀಕರು ಪಾರ್ಸಿ ಶೇಠರು. ಅಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಕೆಲಸ ಸುಲಭ, ಆದರೆ ನನ್ನ ಮೇಜು ಕಿಟಕಿಯ ಪಕ್ಕದಲ್ಲಿತ್ತು. ಹೊಸ ದೋಣಿಗಳು ಜೀಪಿನ ಹಿಂದೆ ಕಟ್ಟಿಸಿಕೊಂಡು ಪುಣೆಯ ಕೆರೆಗೋ ನಾಸಿಕ್ಕಿನ ನದಿಗೋ ಹೊರಡುವುದನ್ನು ನೋಡುತ್ತ ನಾನು "ತಮ್ಮ ಪತ್ರ ತಲುಪಿತು" ಎಂದು ಕುಟ್ಟುತ್ತ ಕೂರಬೇಕಿತ್ತು. ಲೋಕ ಸುತ್ತಿದ ಕಾಲುಗಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ.

ಒಂದು ದಿನ ದೋಣಿ ಸಾಗಿಸುತ್ತಿದ್ದ ಡ್ರೈವರ್ ಕೆಲಸ ಬಿಟ್ಟು ಏಡನ್‌ಗೆ ಹೋದ. ನಾನು ಟೈಪ್‌ರೈಟರಿಗೆ ಮುಸುಕು ಹಾಕಿ ಶೇಠರ ಮುಂದೆ ನಿಂತೆ.

"ಶೇಠ್‌ಜೀ, ನನಗೆ ಡ್ರೈವಿಂಗ್ ಬರುತ್ತದೆ. ಮೊಂಬಾಸಾದಲ್ಲಿ ಆಸ್ಪತ್ರೆಯ ವ್ಯಾನು ಓಡಿಸಿದ್ದೇನೆ."

ಶೇಠರು ಕನ್ನಡಕ ಒರೆಸಿಕೊಂಡರು. ಅವರ ಗುಜರಾತಿ ಬೆರೆತ ಹಿಂದಿಯನ್ನು ಕನ್ನಡದಲ್ಲೇ ಹೇಳುತ್ತೇನೆ, ಮಗು ಎನ್ನುವ ಅರ್ಥದ ಅವರ "ಡಿಕ್ರಾ" ಒಂದನ್ನು ಬಿಟ್ಟು. "ಡಿಕ್ರಾ, ಪೊವಾಯಿ ಕೆರೆಯ ಕ್ಲಬ್ಬಿಗೆ ದೊಡ್ಡ ದೋಣಿಯೊಂದು ಹೋಗಬೇಕು. ಅದನ್ನು ರಿವರ್ಸ್‌ನಲ್ಲಿ ಇಳಿಸಿ ನೀರಿಗೆ ಬಿಟ್ಟರೆ ಈ ಕೆಲಸ ನಿನ್ನದು. ಆಗದಿದ್ದರೆ ಮತ್ತೆ ಟೈಪಿಂಗ್. ಪರೇಲಿನಲ್ಲಿ ಮಿಲ್ ಲಾರಿ ಓಡಿಸುವವನೊಬ್ಬ ಕೇಳುತ್ತಿದ್ದಾನೆ."

ಕಲಿಯಲು ಸಮಯ ಕೊಟ್ಟರು. ಹಾಗೆ ನಾನು ಕಲಿತ ಬಗೆಗಳು ಇಲ್ಲಿವೆ.

೧. ಹಿಂದೆ ನೋಡುವುದು

ದೋಣಿಗಾಡಿ ಎಂದರೆ ಎರಡು ಚಕ್ರದ ಕಬ್ಬಿಣದ ಚೌಕಟ್ಟು. ಅದಕ್ಕೆ ಎಂಜಿನ್ ಇಲ್ಲ, ಬುದ್ಧಿಯೂ ಇಲ್ಲ. ಜೀಪಿನ ಹಿಂದಿನ ಕೊಕ್ಕೆಗೆ ಸಿಕ್ಕಿಸಿ ಮುಂದಕ್ಕೆ ಎಳೆಯುವವರೆಗೆ ಅದರಷ್ಟು ಸಾಧು ಪ್ರಾಣಿ ಇನ್ನೊಂದಿಲ್ಲ. ಹಿಂದಕ್ಕೆ ದೂಡಲು ಹೊರಟಿರೋ, ಅದರ ನಿಜವಾದ ಸ್ವಭಾವ ಹೊರಬೀಳುತ್ತದೆ. ನೀವು ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದರೆ ಅದು ಎಡಕ್ಕೆ ಹೋಗುತ್ತದೆ. ಎಡಕ್ಕೆ ತಿರುಗಿಸಿದರೆ ಬಲಕ್ಕೆ. ಗಾಬರಿಯಲ್ಲಿ ಇನ್ನಷ್ಟು ತಿರುಗಿಸಿದರೆ ಮಡಚಿದ ಚಾಕುವಿನಂತೆ ಜೀಪಿಗೇ ಬಂದು ಒರಗುತ್ತದೆ.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಮೊದಲ ದಿನ ಕಾರ್ಖಾನೆಯ ಅಂಗಳದಲ್ಲಿ ಖಾಲಿ ಗಾಡಿ ಕಟ್ಟಿಕೊಂಡು, ಸೆರಗು ಸಿಕ್ಕಿಸಿ, ರಿವರ್ಸ್ ಗೇರ್ ಹಾಕಿದೆ. ಸ್ವಲ್ಪ ದೂರ ಹೋಗಿ ಬಲಭುಜದ ಮೇಲಿಂದ ಹಿಂದೆ ನೋಡಿದೆ. ಗಾಡಿ ಇಲ್ಲ. ಎಡಭುಜದ ಮೇಲಿಂದ ನೋಡಿದೆ. ಅಲ್ಲೂ ಇಲ್ಲ. ಕಳಚಿ ಬಿತ್ತೇನೋ ಅನಿಸಿತು. ಇಳಿಯೋಣವೆಂದು ಕಾಲು ಹೊರಗಿಟ್ಟರೆ ಕಾಲಿಗೆ ಕಬ್ಬಿಣ ತಾಗಿತು. ಗಾಡಿ ನನ್ನ ಮೊಣಕೈಯ ಪಕ್ಕದಲ್ಲೇ ಬಂದು ನಿಂತಿತ್ತು.

ದೋಣಿ ಕಟ್ಟುವ ಮೇಸ್ತ್ರಿ ಮಲ್ಪೆ ಕಡೆಯವರು. ಬಾಚಿ ಕೆಳಗಿಟ್ಟು ಹತ್ತಿರ ಬಂದರು.

"ಎಂಥ ಅಮ್ಮ, ಗಾಡಿ ನಿಮ್ಮ ಹತ್ರ ಮಾತಾಡ್ಲಿಕ್ಕೆ ಬಂದದ್ದಾ?"

ಮಹಡಿಯ ಕಿಟಕಿಯಿಂದ ಶೇಠರು ಕೇಳಿದರು, "ಏನು ಹೇಳುತ್ತಿದೆ?"

ಮೇಸ್ತ್ರಿ ಗಾಡಿಯ ಕಡೆ ಕಿವಿ ಬಾಗಿಸಿ ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ಬಹಳ ಬೇಸರದಿಂದ ವರದಿ ಕೊಟ್ಟರು. "ಟೈಪಿಂಗ್ ತುಂಬ ಬಾಕಿ ಉಂಟಂತೆ."

೨. ದಾರಿ ತೋರಿಸುವವರು

ನನ್ನ ಮನೆ ಚೆಂಬೂರಿನ ಒಂದು ಕಾಲೊನಿಯಲ್ಲಿ. ಭಾನುವಾರ ಖಾಲಿ ಗಾಡಿಯನ್ನು ಮನೆಗೆ ಒಯ್ದು ಅಭ್ಯಾಸ ಮಾಡಲು ಶೇಠರು ಒಪ್ಪಿದ್ದರು. ಕಾಲೊನಿಯ ಎದುರು ಮೈದಾನ, ಮೈದಾನದ ಅಂಚಿಗೆ ಉಡುಪಿ ಭಟ್ಟರ ಹೋಟೆಲು.

ಲೋಕದ ಬೇರೆ ಊರುಗಳಲ್ಲಿ ನಾನು ಕಾಣದ ಒಂದು ಗುಣ ಮುಂಬಯಿಯಲ್ಲಿದೆ. ಸ್ಟೇಷನ್ ಎಲ್ಲಿ ಎಂದು ಕೇಳಿದರೆ ನಿಲ್ಲದೆ ಓಡುವ ಜನ, ಯಾವುದೇ ವಾಹನ ಹಿಂದಕ್ಕೆ ಬರುವುದು ಕಂಡರೆ ತಮ್ಮೆಲ್ಲ ಕೆಲಸ ಬಿಟ್ಟು ನಿಲ್ಲುತ್ತಾರೆ. ಆಫೀಸು, ಲೋಕಲ್ ಟ್ರೈನು, ಮನೆಯಲ್ಲಿ ಕಾಯುವ ಹೆಂಡತಿ, ಯಾವುದೂ ನೆನಪಿರುವುದಿಲ್ಲ. ಕೈ ತಾನಾಗಿ ಮೇಲೇಳುತ್ತದೆ. "ಆನೇ ದೋ, ಆನೇ ದೋ!" ಬರಲಿ, ಬರಲಿ ಎಂದು.

ಆ ಭಾನುವಾರ ಹಾಲಿನವನು ಎಡಗಡೆ ನಿಂತು ಆನೇ ದೋ ಎಂದ. ಸಿಂಧಿ ಬಟ್ಟೆ ವ್ಯಾಪಾರಿ ಬಲಗಡೆ ನಿಂತು ಆನೇ ದೋ ಎಂದರು. ಇಬ್ಬರೂ ಗಾಡಿಯನ್ನು ತಮ್ಮ ತಮ್ಮ ಕಡೆಗೇ ಕರೆಯುತ್ತಿದ್ದರು. ಹಾಲಿನವನು ಎಡಗೈ ಬೀಸಿದರೆ, ಅವನು ನನಗೆ ಎದುರಾಗಿ ನಿಂತದ್ದರಿಂದ ಅದು ನನಗೆ ಬಲ. ನನ್ನ ಬಲ ಎಂದರೆ ಗಾಡಿಯ ಎಡ. ಇಷ್ಟು ಲೆಕ್ಕ ಹಾಕುವಷ್ಟರಲ್ಲಿ ಗಾಡಿ ತನಗೆ ಬೇಕಾದ ಕಡೆ ಹೊರಟಾಗಿತ್ತು.

ಅಷ್ಟರಲ್ಲಿ ಭಟ್ಟರು ದೋಸೆ ಮಗುಚುವ ಸಟ್ಟುಗ ಹಿಡಿದೇ ಹೊರಗೆ ಬಂದರು. "ಎಲ್ಲರೂ ಸುಮ್ಮನಿರಿ ಮಾರಾಯ್ರೇ, ಒಬ್ಬರು ಹೇಳ್ಬೇಕು!" ಎಂದು ಗದರಿಸಿ ತಾವೇ ಮುಂದಾಳುತನ ವಹಿಸಿದರು. ಅವರ ದನಿಯಲ್ಲಿ ಎಂಥ ಆತ್ಮವಿಶ್ವಾಸ ಇತ್ತೆಂದರೆ ನಾನು ಹಿಂದೆ ನೋಡುವುದನ್ನೇ ಬಿಟ್ಟೆ.

"ಬರ್ಲಿ ಅಮ್ಮ, ಬರ್ಲಿ, ಜಾಗ ಬೇಕಾದಷ್ಟು ಉಂಟು. ಇನ್ನೂ ಬರ್ಲಿ. ಹಾಗೇ ಬರ್ಲಿ."

ಬಂತು. ಮೈದಾನ ಮುಗಿಯಿತು, ಕಾಲುದಾರಿ ಮುಗಿಯಿತು, ಇಡ್ಲಿ ತಿನ್ನುತ್ತಿದ್ದವರು ತಟ್ಟೆ ಎತ್ತಿಕೊಂಡು ಎದ್ದರು. ಗಾಡಿಯ ಬಾಲ ಹೋಟೆಲಿನ ಹೊಸ್ತಿಲು ದಾಟಿ, ಪರದೆ ಕಟ್ಟಿದ ಮೂಲೆಗೆ ತಾಗುವಾಗ ಭಟ್ಟರಿಗೆ ತಾವು ಎಲ್ಲಿ ನಿಂತಿದ್ದೇವೆಂದು ಹೊಳೆಯಿತು. ಸಟ್ಟುಗ ಮೇಲೆತ್ತಿ ಕೂಗಿದರು.

"ನಿಲ್ಲಿಸಿ! ಫ್ಯಾಮಿಲಿ ರೂಮ್ ಖಾಲಿ ಇಲ್ಲ!"

೩. ಕೈ ಕೆಳಗೆ ಹಿಡಿಯುವುದು

ಪಕ್ಕದ ಮನೆಯ ರಾಯರು ಧಾರವಾಡದವರು, ರೈಲ್ವೆಯ ಗುಮಾಸ್ತರು. ಜೀವನದಲ್ಲಿ ಒಂದು ಸೈಕಲ್ಲನ್ನೂ ಓಡಿಸಿದವರಲ್ಲ. ಆದರೆ ಭಟ್ಟರ ಹೋಟೆಲಿನ ಪ್ರಸಂಗವನ್ನು ಗ್ಯಾಲರಿಯಲ್ಲಿ ನಿಂತು ಪೂರ್ತಿ ನೋಡಿದ್ದರು. ಅಂದೇ ಮಧ್ಯಾಹ್ನ ನನ್ನನ್ನು ಕರೆದು ಕೂರಿಸಿದರು.

"ಅಕ್ಕಾರ, ತಪ್ಪು ನಿಮ್ಮದಲ್ಲ. ನೀವು ಕೈ ಇಟ್ಟ ಜಾಗಾದ್ದು." ಊಟಕ್ಕೆ ಹಾಕಿದ್ದ ತಾಟನ್ನು ಎತ್ತಿ ಸ್ಟಿಯರಿಂಗ್‌ನಂತೆ ಎದೆಯ ಮುಂದೆ ಹಿಡಿದರು. "ನೀವು ಮ್ಯಾಲೆ ಹಿಡೀತೀರಿ. ತಳದಾಗ ಹಿಡೀರಿ. ಗಾಡಿ ಯಾ ಕಡೆ ಹೋಗಬೇಕೋ ಆ ಕಡೆ ಕೈ ಒಯ್ರಿ. ಬಲಕ್ಕ ಬೇಕಂದ್ರ ಕೈ ಬಲಕ್ಕ. ಎಡಕ್ಕ ಬೇಕಂದ್ರ ಎಡಕ್ಕ. ತಲಿ ಕೆಡಿಸ್ಕೊಳ್ಳೂ ಕಾರಣನ ಇಲ್ಲ."

ತಾಟು ಅತ್ತ ತಿರುಗಿತು, ಇತ್ತ ತಿರುಗಿತು. ನಾನೂ ಒಂದು ತಾಟು ಹಿಡಿದು ತಿರುಗಿಸಿದೆ. ಇಬ್ಬರೂ ಹೀಗೆ ನೆಲದ ಮೇಲೆ ಕೂತು ಮೌನವಾಗಿ ಗಾಡಿ ಬಿಡುತ್ತಿರುವಾಗ ಒಳಗಿನಿಂದ ಅವರ ಹೆಂಡತಿ ಸೌಟು ಹಿಡಿದು ಬಂದರು.

"ಅನ್ನ ಆರ್ಲಿಕ್ಕತ್ತದ. ತಾಟು ಕೆಳಗ ಇಡ್ತೀರೋ, ಅಂಗೈಯಾಗ ಬಡಸ್ಲೋ?"

ಮುಂದಿನ ಭಾನುವಾರ ಮೈದಾನದಲ್ಲಿ ರಾಯರ ಮಾತಿನಂತೆ ಕೈ ಕೆಳಗೆ ಹಿಡಿದೆ. ಮೆಲ್ಲಗೆ, ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಗಾಡಿ ಅಂಕೆ ಮೀರುತ್ತದೆ ಅನಿಸಿದ ಕೂಡಲೇ ಮುಂದಕ್ಕೆ ಎಳೆದು ನೆಟ್ಟಗೆ ಮಾಡಿಕೊಂಡು ಮತ್ತೆ ಬಿಟ್ಟೆ. ಗಾಡಿ ಗೆರೆ ಎಳೆದಂತೆ ಹೋಯಿತು! ನನಗಿಂತ ರಾಯರಿಗೆ ಸಂಭ್ರಮ. ಧೋತರ ಮೇಲೆ ಕಟ್ಟಿ ಗಾಡಿಯ ಹಿಂದೆ ನಿಂತು, ಎರಡೂ ಕೈಯಿಂದ ನನ್ನನ್ನು ಕರೆಯುತ್ತ, ತಾವೂ ಹಿಂದಕ್ಕೆ ಹೆಜ್ಜೆ ಇಡತೊಡಗಿದರು. ಅವರ ಕಣ್ಣೆಲ್ಲ ಗಾಡಿಯ ಮೇಲೆ. ಮೈದಾನದ ಅಂಚಿನ ಗಟಾರದ ಕಡೆ ನೋಡಲು ಅವರಿಗೆ ಯಾರೂ ಇರಲಿಲ್ಲ.

ಒಮ್ಮೆಲೇ ರಾಯರು ಕಾಣಿಸಲಿಲ್ಲ. ಬ್ರೇಕು ಒತ್ತಿ ಕೆಳಗಿಳಿದೆ. ಗಟಾರದಿಂದ ಒಂದು ಕೈ ಮಾತ್ರ ಮೇಲೆ ಬಂದು, ಇನ್ನೂ ಬೀಸುತ್ತಲೇ ಇತ್ತು.

"ನೆಟ್ಟಗ ಇದ್ದೀರಿ ಅಕ್ಕಾರ! ಬರ್ರಿ, ಬರ್ರಿ!"

೪. ಭಾರ ಹಾಕುವುದು

ಖಾಲಿ ಗಾಡಿ ಪಳಗಿತು. ಇನ್ನು ದೋಣಿ ಏರಿಸುವುದು ಬಾಕಿ. ದೋಣಿಯ ಮುಂಭಾಗ ಜೀಪಿನ ಕಡೆಗೆ ಇರುವಂತೆ ಏರಿಸುವುದು ಎಲ್ಲ ಕಡೆಯ ಪದ್ಧತಿ. ಹಿಂದಕ್ಕೆ ಬಿಟ್ಟಾಗ ದೋಣಿಯ ಹಿಂಭಾಗ ಮೊದಲು ನೀರಿಗೆ ಇಳಿಯುತ್ತದೆ. ಇದನ್ನು ಕೇಳಿದ್ದೇ ತಡ, ಮೇಸ್ತ್ರಿ ಗಾಡಿಗೆ ಅಡ್ಡ ನಿಂತರು.

"ಅದಾಗ್ಲಿಕ್ಕಿಲ್ಲ ಅಮ್ಮ. ಬೆನ್ನು ಹಾಕಿ ನೀರಿಗೆ ಇಳಿಸ್ಲಿಕ್ಕೆ ನಾನು ಬಿಡುದಿಲ್ಲ. ದೋಣಿ ಮೊದಲು ನೀರಿನ ಮೋರೆ ನೋಡ್ಬೇಕು."

"ಇಷ್ಟು ದಿನ ಹೇಗೆ ಇಳಿಸುತ್ತಿದ್ದಿರಿ?"

"ಅವೆಲ್ಲ ಸಣ್ಣ ದೋಣಿ. ದಡದಲ್ಲಿ ಎತ್ತಿ ತಿರುಗಿಸಿ ಬಿಡ್ತಿದ್ದೆವು. ಇದು ಎತ್ತುವಂಥದ್ದಲ್ಲ."

"ಕೆರೆ ತಾನೆ ಮೇಸ್ತ್ರಿ? ಸಮುದ್ರ ಅಲ್ಲವಲ್ಲ."

ಅವರು ದೋಣಿಯ ಮೈಗೆ ಕೈ ಇಟ್ಟರು. "ನನ್ನ ಅಣ್ಣನ ದೋಣಿಯನ್ನು ಅವಸರದಲ್ಲಿ ಹಾಗೆ ಇಳಿಸಿದ್ರು. ದೋಣಿ ವಾಪಸು ಬಂತು. ಅಣ್ಣ ಬರ್ಲಿಲ್ಲ."

ನಾನು ವಾದ ಮಾಡಲಿಲ್ಲ. ಸಮುದ್ರ ಏನನ್ನು ನೋಡಿ ಯಾರನ್ನು ಇಟ್ಟುಕೊಳ್ಳುತ್ತದೆ ಎನ್ನುವುದು ನನಗೂ ಗೊತ್ತಿಲ್ಲ. ಗೊತ್ತಿದ್ದವರಂತೆ ಮಾತಾಡುವ ಧೈರ್ಯ, ಆ ಒಂದು ವಿಷಯದಲ್ಲಿ, ನನಗೆ ಎಂದೂ ಬಂದಿಲ್ಲ. "ಆಯ್ತು ಮೇಸ್ತ್ರಿ, ತಿರುಗಿಸಿ ಏರಿಸಿ," ಎಂದೆ.

ದೋಣಿಯ ಭಾರವೆಲ್ಲ ಅದರ ಹಿಂಭಾಗದಲ್ಲಿ. ಈಗ ಅದು ಜೀಪಿನ ಕೊಕ್ಕೆಯ ಮೇಲೆ ಬಂದು ಕೂತಿತು. ಜೀಪಿನ ಹಿಂಬದಿ ಕುಸಿಯಿತು, ಮೂತಿ ಮೇಲೆದ್ದು ಆಕಾಶ ನೋಡತೊಡಗಿತು. ಮುಂದಿನ ಚಕ್ರಗಳು ನೆಲವನ್ನು ಬರೀ ಹೆಸರಿಗೆ ಮುಟ್ಟುತ್ತಿದ್ದವು. ಸ್ಟಿಯರಿಂಗ್ ತಿರುಗಿಸಿದರೆ ಜೀಪು ತಿರುಗುತ್ತಿರಲಿಲ್ಲ. ಹೊರಡುವ ದಿನ ಬೆಳಿಗ್ಗೆ ಬೇರೆ ದಾರಿ ಕಾಣದೆ ಇಬ್ಬರು ಬಡಗಿಗಳನ್ನು ಬಾನೆಟ್ಟಿನ ಮೇಲೆ ಕೂರಿಸಿದೆವು. ಅವರು ಕೂತ ಮೇಲೆ ನನಗೆ ರಸ್ತೆ ಕಾಣಲಿಲ್ಲ. ಆದ್ದರಿಂದ ಬಲಗಡೆಯವನು ಬಲಗಡೆಯ ಸುದ್ದಿ, ಎಡಗಡೆಯವನು ಎಡಗಡೆಯ ಸುದ್ದಿ ಹೇಳಬೇಕೆಂದು ಗೊತ್ತು ಮಾಡಿದೆವು. ಮೇಸ್ತ್ರಿ ತಮ್ಮ ಚೀಲದೊಂದಿಗೆ ನನ್ನ ಪಕ್ಕ ಹತ್ತಿದರು.

ಸಾಯನ್ನಿನ ಚೌಕದಲ್ಲಿ ಪೊಲೀಸ್ ಹವಾಲ್ದಾರ ತಡೆದ. ಜೀಪು ವಿಕ್ರೋಳಿಯ ಕಡೆ ಮುಖ ಮಾಡಿತ್ತು, ದೋಣಿ ಶಿವಡಿಯ ಕಡೆ. ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಬಾಯಿ, ನಿಮ್ಮ ದೋಣಿ ವಾಪಸು ಹೊರಟಿದೆಯಲ್ಲ?"

"ಅದು ಹಾಗೇ ಹೋಗುವುದು, ಹವಾಲ್ದಾರ್ ಸಾಹೇಬ್."

"ಮತ್ತೆ ಬಾನೆಟ್ಟಿನ ಮೇಲೆ ಇವರು ಯಾರು?"

"ಅವರು ಭಾರಕ್ಕೆ."

ಹವಾಲ್ದಾರ ಇಬ್ಬರು ಬಡಗಿಗಳನ್ನೂ ಮೇಲಿಂದ ಕೆಳಗೆ ನೋಡಿದ. ಇಬ್ಬರೂ ಒಣಗಿದ ಬೊಂಬಿಲ್ ಮೀನಿನಂತಿದ್ದರು. ದಾರಿ ಬಿಡುತ್ತ ಕಳಕಳಿಯಿಂದ ಹೇಳಿದ, "ಇವರು ಸಾಲುವುದಿಲ್ಲ ಬಾಯಿ."

೫. ಮುಖಾಮುಖಿ

ಕ್ಲಬ್ಬಿನಲ್ಲಿ ಶಾಮಿಯಾನ ಹಾಕಿದ್ದರು. ಮುಖ್ಯ ಅತಿಥಿ ನಿವೃತ್ತ ನ್ಯಾಯಾಧೀಶರು, ಬಿಳಿ ಸೂಟು, ಕೈಯಲ್ಲಿ ಹ್ಯಾಟು. ಅವರ ಪಕ್ಕದಲ್ಲಿ ನಮ್ಮ ಶೇಠರು. ಕೆರೆಗೆ ಇಳಿಯುವ ಇಳಿಜಾರು ನಾನು ಊಹಿಸಿದ್ದಕ್ಕಿಂತ ಕಿರಿದು. ಒಂದು ಬದಿಗೆ ಕಲ್ಲಿನ ಗೋಡೆ, ಇನ್ನೊಂದು ಬದಿಗೆ ಕ್ರೋಟನ್ ಕುಂಡಗಳ ಸಾಲು.

ಇಳಿಸುವಾಗ ಹಿಡಿದುಕೊಳ್ಳಲು ಬಡಗಿಗಳು ಬಾನೆಟ್ಟಿನಿಂದ ಇಳಿಯಲೇಬೇಕಾಯಿತು. ಅವರು ಇಳಿದರು, ಜೀಪಿನ ಮೂತಿ ಎದ್ದಿತು. ಗಾಡಿ ಮೊದಲು ಕುಂಡಗಳ ಕಡೆ ಹೋಯಿತು. ಮುಂದಕ್ಕೆ ಎಳೆದು ಸರಿ ಮಾಡಿ ಮತ್ತೆ ಬಿಟ್ಟೆ. ಗೋಡೆಯ ಕಡೆ ಹೋಯಿತು. ಮತ್ತೆ ಎಳೆದೆ, ಮತ್ತೆ ಕುಂಡ. ಕೈ ಕೆಳಗೆ ಹಿಡಿದೆ, ಮೇಲೆ ಹಿಡಿದೆ, ಮಧ್ಯದಲ್ಲೂ ಹಿಡಿದೆ. ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. ಆ ಮೌನದಲ್ಲಿ ಒಬ್ಬ ಹೆಂಗಸು "ಪಾಪ" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಶೇಠರು ನನ್ನ ಕಡೆ ನೋಡುತ್ತಿರಲಿಲ್ಲ, ಬೂಟಿನ ತುದಿ ನೋಡುತ್ತಿದ್ದರು. ಟೈಪ್‌ರೈಟರ್ ರಿಬ್ಬನ್ನಿನ ವಾಸನೆ ನನಗೆ ಆ ಕೆರೆಯ ದಡದಲ್ಲೂ ಮೂಗಿಗೆ ಬಂತು.

ಆಗ ರಂಗೂನಿನ ನದಿ ಕಣ್ಣಿಗೆ ಕಟ್ಟಿತು. ಅಲ್ಲಿ ಚಿಕ್ಕ ಉಗಿದೋಣಿಗಳು ತಮಗಿಂತ ದೊಡ್ಡ ಸರಕಿನ ದೋಣಿಗಳನ್ನು ಮೂಗಿನಿಂದ ದೂಡಿಕೊಂಡು ಹೋಗುತ್ತಿದ್ದವು. ಹಿಂದೆ ಕಟ್ಟಿಕೊಂಡು ಒದ್ದಾಡುತ್ತಿರಲಿಲ್ಲ.

"ಮೇಸ್ತ್ರಿ, ಈ ಕೊಕ್ಕೆ ಬಿಚ್ಚಿ ಜೀಪಿನ ಮುಂದಿನ ಬಂಪರಿಗೆ ಹಾಕಿ."

"ಮುಂದೆಯಾ?"

"ಮುಂದೆಯೇ."

ಯುದ್ಧಕಾಲದ ಮಿಲಿಟರಿ ಜೀಪು ಅದು, ಬಂಪರಿನಲ್ಲಿ ತೂತುಗಳಿದ್ದವು. ಮೇಸ್ತ್ರಿ ಚೀಲದಿಂದ ಸ್ಪ್ಯಾನರ್ ತೆಗೆದು ಕೊಕ್ಕೆ ಬದಲಿಸಿದರು. ಇಳಿಜಾರಿನ ಮೇಲೆ ಬರೀ ಜೀಪು ತಿರುಗುವಷ್ಟೇ ಸಮತಟ್ಟು ಜಾಗವಿತ್ತು; ಗಾಡಿಯನ್ನು ಅದರ ಅಂಚಿನಲ್ಲಿ ಬಿಟ್ಟು, ಜೀಪನ್ನು ತಿರುಗಿಸಿ ತಂದು ಎದುರಿಗೇ ಸಿಕ್ಕಿಸಿಕೊಂಡೆ. ಈಗ ದೋಣಿಯ ಭಾರ ಮುಂದಿನ ಚಕ್ರಗಳ ಮೇಲೆ. ಸ್ಟಿಯರಿಂಗ್ ಹೇಳಿದ ಮಾತು ಕೇಳಿತು. ಕುಂಡ, ಗೋಡೆ, ನೀರು ಎಲ್ಲ ಕಣ್ಣೆದುರಿಗೇ ಇದ್ದವು. ಮೆಲ್ಲಗೆ ದೂಡಿದೆ. ದೋಣಿ ತಲೆ ಎತ್ತಿ, ನೀರಿನ ಮೋರೆ ನೋಡುತ್ತ ಇಳಿಯಿತು. ಮೇಸ್ತ್ರಿ ತೆಂಗಿನಕಾಯಿ ಒಡೆದು, ಕಣ್ಣೊರೆಸಿಕೊಂಡು, ಚೀಲ ಸಮೇತ ದೋಣಿಗೆ ಹಾರಿದರು. ಕಟ್ಟಿದವನೇ ಮೊದಲು ಕೂರಬೇಕು ಎನ್ನುವುದು ಅವರ ಇನ್ನೊಂದು ಪದ್ಧತಿ. ಹಾಯಿ ಬಿಚ್ಚಿತು, ದೋಣಿ ತೇಲಿ ಹೋಯಿತು.

ನ್ಯಾಯಾಧೀಶರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಶೇಠರ ಕಡೆ ನೋಡಿದೆ.

"ಚೆನ್ನಾಗಿತ್ತು ಡಿಕ್ರಾ," ಎಂದರು. "ಆದರೆ ಇದು ರಿವರ್ಸ್ ಅಲ್ಲ."

"ದೋಣಿ ನೀರಿನಲ್ಲಿದೆಯಲ್ಲ, ಶೇಠ್‌ಜೀ!"

"ನಾನು ಕೇಳಿದ್ದು ರಿವರ್ಸ್. ನೀನು ಮುಂದಕ್ಕೆ ಹೋದೆ. ನಾಳೆ ಪರೇಲಿನವನಿಗೆ ಹೇಳಿ ಕಳಿಸುತ್ತೇನೆ."

ಅಲ್ಲಿಗೆ ನನ್ನ ಪುಣೆ, ನಾಸಿಕ್ಕು ಎಲ್ಲ ಮುಗಿಯಿತು. ಹೊರಡಲು ಸಿದ್ಧಳಾದೆ. ಹೊರಡಬೇಕಾದರೆ ಕೊಕ್ಕೆಯನ್ನು ಮತ್ತೆ ಹಿಂದಕ್ಕೆ ಹಾಕಬೇಕು. ಹಾಕಲು ಸ್ಪ್ಯಾನರ್ ಬೇಕು. ಸ್ಪ್ಯಾನರ್ ಮೇಸ್ತ್ರಿಯ ಚೀಲದಲ್ಲಿ, ಚೀಲ ದೋಣಿಯಲ್ಲಿ. ಕೆರೆಯ ನಡುವೆ ಗಾಳಿ ಬಿದ್ದುಹೋಗಿ ದೋಣಿ ಅಲ್ಲಾಡದೆ ನಿಂತಿತ್ತು.

ದಡದಿಂದ ಕೂಗಿದೆ, "ಮೇಸ್ತ್ರೀ, ಸ್ಪ್ಯಾನರ್!"

"ಉಂಟು ಅಮ್ಮಾ!" ಎಂದು ಅಷ್ಟು ದೂರದಿಂದ ಉತ್ತರ ಬಂತು. "ಜೋಪಾನ ಉಂಟು, ಹೆದರ್ಬೇಡಿ!"

ಕಾಯುವಂತಿರಲಿಲ್ಲ. ನ್ಯಾಯಾಧೀಶರು ಪರೇಲಿನಲ್ಲಿ ಒಂದು ಮದುವೆಗೆ ಹೋಗಬೇಕಿತ್ತು. ಅವರ ಕಾರು ಕೆಳಗೆ, ಶಾಮಿಯಾನದ ಪಕ್ಕ, ನೀರಿನ ಅಂಚಿನಲ್ಲಿ ನಿಂತಿತ್ತು. ಹೊರಹೋಗುವ ದಾರಿಯಲ್ಲಿ ನನ್ನ ಜೀಪು, ಜೀಪಿನ ಮೂತಿಗೆ ಗಾಡಿ. ಇಳಿಜಾರಿನಲ್ಲಿ ಗಾಡಿ ಕಳಚಿದರೆ ಅದೂ ಕೆರೆಗೇ ಹೋಗುತ್ತದೆ. ಉಳಿದದ್ದು ಒಂದೇ ದಾರಿ. ರಿವರ್ಸ್ ಗೇರ್ ಹಾಕಿದೆ.

ಜೀಪು ಹಿಂದುಹಿಂದಾಗಿ ಇಳಿಜಾರು ಹತ್ತಿತು. ಗಾಡಿ ಹಗ್ಗ ಹಿಡಿದ ಹಸುವಿನಂತೆ ಹಿಂಬಾಲಿಸಿತು. ಗಾಡಿಯ ಹಿಂದೆ ನ್ಯಾಯಾಧೀಶರ ಕಾರು, ಕಾರಿನಲ್ಲಿ ನ್ಯಾಯಾಧೀಶರು, ಅವರ ಪಕ್ಕದಲ್ಲಿ ಶೇಠರು. ಕ್ಲಬ್ಬಿನ ಗೇಟು ದಾಟಿದರೆ ಅಗಲ ಜಾಗ ಸಿಗುತ್ತದೆ, ಪಕ್ಕಕ್ಕೆ ಸರಿದು ಬಿಡಬಹುದು ಎಂದುಕೊಂಡಿದ್ದೆ. ಬರುವಾಗ ಬಡಗಿಗಳ ಬೆನ್ನು ಬಿಟ್ಟು ನನಗೆ ಬೇರೇನೂ ಕಂಡಿರಲಿಲ್ಲ. ಗೇಟಿನಾಚೆಯೂ ಒಂದು ಕಡೆ ಚರಂಡಿ, ಒಂದು ಕಡೆ ಎಮ್ಮೆ ಕೊಟ್ಟಿಗೆಯ ಗೋಡೆ. ಆ ದಾರಿ ದೊಡ್ಡ ರಸ್ತೆಯವರೆಗೂ ಹಾಗೇ ಇತ್ತು.

ಕುತ್ತಿಗೆ ತಿರುಗಿಸಿ ಹಿಂದಿನ ದಾರಿ ನೋಡುವುದು, ಮತ್ತೆ ಗಾಡಿ ನೆಟ್ಟಗಿದೆಯೇ ಎಂದು ಎದುರಿಗೆ ನೋಡುವುದು. ಎದುರಿಗೆ ನೋಡಿದಾಗಲೆಲ್ಲ ಅಲ್ಲಿ ನ್ಯಾಯಾಧೀಶರ ಮುಖ. ಅವರು ಹಳೆಯ ಕಾಲದ ಸಭ್ಯಸ್ಥರು. ಕಣ್ಣು ಸೇರಿದಾಗಲೆಲ್ಲ ಹ್ಯಾಟು ಎತ್ತುತ್ತಿದ್ದರು. ನಾನು ತಲೆಬಾಗುತ್ತಿದ್ದೆ. ತಿರುವು ಬಂತು, ದಾಟಿದೆ. ಹ್ಯಾಟು. ಎಮ್ಮೆಗಳು ಅಡ್ಡ ಬಂದವು, ನಿಂತು ಮತ್ತೆ ಹೊರಟೆ. ಹ್ಯಾಟು. ಸೈಕಲ್ಲಿನವರು ಚರಂಡಿಗೆ ಇಳಿದು ದಾರಿ ಬಿಟ್ಟರು. ಶೇಠರು ಮೊದಮೊದಲು ಕೈಕಟ್ಟಿ ಕೂತಿದ್ದರು. ಎರಡನೆಯ ತಿರುವಿಗೆ ಮುಂದಕ್ಕೆ ಬಾಗಿದರು. ಆಮೇಲೆ ನೋಡಿದರೆ, ಕಾರಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಎರಡೂ ಕೈ ಬೀಸುತ್ತಿದ್ದರು. "ಜವಾ ದೇ, ಡಿಕ್ರಾ, ಜವಾ ದೇ!" ಹೋಗಲಿ, ಹೋಗಲಿ ಎಂದು.

ದೊಡ್ಡ ರಸ್ತೆ ತಲುಪಿದಾಗ ವಿಕ್ರೋಳಿಯ ಕಾರ್ಖಾನೆಗಳ ಪಾಳಿ ಬಿಟ್ಟಿತ್ತು. ಜನ ಸಾಲುಗಟ್ಟಿ ನಿಂತು ನೋಡುತ್ತಿದ್ದರು. ನಾನು ಅಂಚಿಗೆ ಸರಿದು ಎಂಜಿನ್ ನಿಲ್ಲಿಸಿದೆ. ಕುತ್ತಿಗೆ ಇನ್ನು ನೆಟ್ಟಗಾಗುವುದಿಲ್ಲ ಅನಿಸಿತ್ತು. ನ್ಯಾಯಾಧೀಶರು ಕಾರಿನಿಂದ ಇಳಿದು ಬಂದು, ಕೊನೆಯ ಬಾರಿಗೆ ಹ್ಯಾಟು ತೆಗೆದರು.

"ಅಮ್ಮಾ, ಇಷ್ಟು ಹೊತ್ತು ಒಬ್ಬ ಹೆಂಗಸಿನ ಮುಖ ನೋಡುತ್ತ ಕೂತದ್ದು ನನ್ನ ಮದುವೆಯ ದಿನವೂ ಇಲ್ಲ."

ಅವರ ಹಿಂದೆ ಶೇಠರು ಬಂದರು. ಜೀಪನ್ನು ನೋಡಿದರು, ಗಾಡಿಯನ್ನು ನೋಡಿದರು, ಬಂದ ದಾರಿಯನ್ನು ಉದ್ದಕ್ಕೂ ನೋಡಿದರು. ಅವರ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

"ಡಿಕ್ರಾ, ಕೆಲಸ ನಿನ್ನದು. ಸೋಮವಾರ ನಾಸಿಕ್ಕಿಗೆ ಒಂದು ದೋಣಿ ಹೋಗಬೇಕು."

ಶೇಠರು ಕಾರಿನ ಕಡೆ ನಾಲ್ಕು ಹೆಜ್ಜೆ ಹೋದವರು, ಏನೋ ಯೋಚನೆ ಬಂದು ಮತ್ತೆ ತಿರುಗಿ ಬಂದರು. ಜೀಪಿನ ಅಂಚಿಗೆ ಕೈ ಇಟ್ಟು, ತಂದೆಯ ದನಿಯಲ್ಲಿ ಹೇಳಿದರು:

"ಆದರೆ ಅಲ್ಲಿಗೆ ಹೀಗೆ ಹೋಗಬೇಡ. ದಾರಿಯಲ್ಲಿ ಘಾಟ್ ಇದೆ."